ಕಲ್ಲಿನ ಕಪಾಟು: ಬೇಸಿಗೆಯ ಕೆಲಸ ಎಲ್ಲಿಗೆ ಬಂತು

ಚಿತ್ರದುರ್ಗದಿಂದ ಹಿರಿಯೂರಿನವರೆಗೆ, ಬಸ್ಸಿಳಿದು ನಡೆದು ಹೋಗುವಷ್ಟು ದೂರದಲ್ಲಿ ಸಿಗುವ ಕಲ್ಲುಗಳನ್ನು ಗುರುತಿಸಿ, ಚೀಟಿ ಹಚ್ಚಿ ಕಪಾಟಿನಲ್ಲಿಡುವುದು ನಾನು ಹಚ್ಚಿಕೊಂಡ ಕೆಲಸ. ಮೇಲಿನ ಎರಡು ಹಲಗೆ ತುಂಬಿವೆ. ಕೋಟೆ ಕಡೆಯ ಗ್ರಾನೈಟು, ಬೆಣಚುಕಲ್ಲು, ಬಳಪದ ಕಲ್ಲು ಇವೆಲ್ಲ ಸಲೀಸು, ನೋಡಿದ ತಕ್ಷಣ ಗೊತ್ತಾಗುತ್ತವೆ.

ತಲೆ ತಿಂದದ್ದು ಕರಿಕಲ್ಲುಗಳು. ಕಬ್ಬಿಣದ ಅದಿರುಗಳಾದ ಹಿಮಟೈಟ್, ಮ್ಯಾಗ್ನೆಟೈಟ್, ಜೊತೆಗೆ ಮ್ಯಾಂಗನೀಸ್ ಅದಿರು, ಮೂರೂ ಕಪ್ಪು, ಮೂರೂ ಭಾರ. ಕೊನೆಗೆ ಕೈಹಿಡಿದದ್ದು ಬಚ್ಚಲುಮನೆಗೆ ಹಾಕಿಸಿ ಉಳಿದಿದ್ದ ಟೈಲ್ಸು. ಅದರ ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಒತ್ತಿ ಎಳೆಯಬೇಕು. ಭೀಮಸಮುದ್ರದ ಕಡೆಯಿಂದ ಬಂದ ತುಂಡು ನೋಡಲು ಇದ್ದಿಲಿನಷ್ಟು ಕಪ್ಪಗಿದ್ದರೂ ಎಳೆದ ಗೆರೆ ಮಾತ್ರ ಕಾವಿ ಕೆಂಪು. ಅಂದರೆ ಹಿಮಟೈಟ್. ಇನ್ನೊಂದು ಕಪ್ಪು ಗೆರೆ ಕೊಟ್ಟು, ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತಕ್ಕೂ ಅಂಟಿಕೊಂಡಿತು. ಅದು ಮ್ಯಾಗ್ನೆಟೈಟ್. ಮೂರನೆಯದು ಅಯಸ್ಕಾಂತಕ್ಕೆ ಜಗ್ಗಲಿಲ್ಲ, ಬೆರಳಿಗೆಲ್ಲ ಮಸಿ ಬಳಿಯಿತು. ಅದಕ್ಕೆ ಮ್ಯಾಂಗನೀಸ್ ಅಂತ ಚೀಟಿ ಬರೆದೆ.

ಇಂಗಳದಾಳಿನ ತಾಮ್ರದ ಗಣಿಯಲ್ಲಿ ದುಡಿದಿದ್ದ ನಮ್ಮ ಬೀದಿಯ ಹಿರಿಯರೊಬ್ಬರು ಹಳೆಯ ಟ್ರಂಕಿನಿಂದ ಒಂದು ತುಂಡು ತೆಗೆದುಕೊಟ್ಟರು. "ತಗೋಳಪ್ಪ, ನನ್ನ ಮೊಮ್ಮಕ್ಕಳಿಗಂತೂ ಇದು ಬೇಡ" ಅಂದರು. ಗಣಿ ಮುಚ್ಚಿ ವರ್ಷಗಳಾದವು. ಕಲ್ಲಿನ ಮೈಮೇಲೆ ಹಿತ್ತಾಳೆ ಬಣ್ಣದ ಚುಕ್ಕೆಗಳು, ಬಿರುಕಿನೊಳಗೆ ಪಾಚಿ ಕಟ್ಟಿದಂಥ ಹಸಿರು. ಚುಕ್ಕೆ ಚಾಲ್ಕೊಪೈರೈಟ್, ಅಂದರೆ ತಾಮ್ರ, ಕಬ್ಬಿಣ, ಗಂಧಕ ಕೂಡಿದ್ದು. ತಾಮ್ರದ ಅದಿರಿಗೆ ಗಾಳಿ, ನೀರು ತಾಗಿ ಬದಲಾದಾಗ ಆಗುವ ಮ್ಯಾಲಕೈಟೇ ಆ ಹಸಿರು. ಮಗಳು ಬಂಗಾರ ಅಂತ ಕುಣಿದಳು. ಬಂಗಾರವಾಗಿದ್ದರೆ ಗೆರೆಯೂ ಹಳದಿ ಬರಬೇಕಿತ್ತು, ಬಂದದ್ದು ಹಸಿರುಗಪ್ಪು.

ಮೂರನೆಯ ಹಲಗೆ ಪಳೆಯುಳಿಕೆಗೆಂದು ಬಿಟ್ಟದ್ದು. ಅದು ಖಾಲಿ. ಜೈಸಲ್ಮೇರಿಗೆ ಹೋಗಿಬಂದ ಭಾವ ಅಲ್ಲಿನ ಆಕಲ್ ಉದ್ಯಾನದ ಫೋಟೊ ತೋರಿಸಿ, "ನಿಮ್ಮ ದುರ್ಗದಾಗೂ ಬಿಸಿಲು, ಜಾಲಿ ಎರಡೂ ಐತಲ್ಲ, ಇಂಥವು ಸಿಗಂಗಿಲ್ಲೇನು?" ಅಂತ ಕೆಣಕಿದರು. ಆಕಲ್‌ನಲ್ಲಿರುವುದು ಕಲ್ಲಾದ ಮರದ ದಿಮ್ಮಿಗಳು, ಸುಮಾರು 18 ಕೋಟಿ ವರ್ಷದವು. ಮೇಲಿನ ಬಿಸಿಲಿಗೂ ಕೆಳಗಿನ ಕಲ್ಲಿಗೂ ಸಂಬಂಧವಿಲ್ಲ, ಆ ಮರಗಳು ಬೆಳೆದಾಗ ಅಲ್ಲಿ ಮರುಭೂಮಿಯೇ ಇರಲಿಲ್ಲ. ನಮ್ಮ ಕಲ್ಲುಗಳಾದರೋ 250 ಕೋಟಿ ವರ್ಷಕ್ಕೂ ಹಿಂದಿನವು. ಆಗಿನ್ನೂ ಮರವಿಲ್ಲ, ಮೀನಿಲ್ಲ, ಮೂಳೆಯಿರುವ ಯಾವ ಪ್ರಾಣಿಯೂ ಇಲ್ಲ. ಇದ್ದದ್ದು ಸೂಕ್ಷ್ಮಜೀವಿಗಳು. ಅವು ಆಳವಿಲ್ಲದ ನೀರಿನಲ್ಲಿ ಪದರದ ಮೇಲೆ ಪದರ ಕಟ್ಟಿದ ಗುರುತೇ ಸ್ಟ್ರೊಮ್ಯಾಟೊಲೈಟ್. ವಾಣಿವಿಲಾಸ ಎಂದು ಹೆಸರಿಟ್ಟ ಶಿಲಾವರ್ಗದ ಸುಣ್ಣಕಲ್ಲುಗಳಲ್ಲಿ ಅವು ಸಿಕ್ಕಿವೆ. ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಭಾವನನ್ನು ಕರೆದುಕೊಂಡು ಹೋದದ್ದು ಮರಡಿಹಳ್ಳಿಗೆ. ಆಕಲ್‌ನಂತೆ ಇದೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಘೋಷಿಸಿದ ರಾಷ್ಟ್ರೀಯ ಸ್ಮಾರಕ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿದೊಡನೆ ಮೇಲೆ ಸಿಪ್ಪೆಗಟ್ಟಿ, ಒಳಗಿನದು ಮತ್ತೆ ಮತ್ತೆ ಒಡೆದು ಹೊರಬಂದು, ದಿಂಬಿನಂಥ ಉಂಡೆಗಳ ರಾಶಿಯಾಗಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು, ಮಧ್ಯಾಹ್ನವಾದರೆ ಬರೀ ಬಂಡೆ. ಒಂದೊಂದು ದಿಂಬಿಗೂ ಬೇರೆ ಬಣ್ಣದ ತೆಳು ಅಂಚು. ಕೆಳಗಿನ ಎರಡರ ಸಂದಿಗೆ ಮೇಲಿನದು ಇಳಿದು ಬಾಲ ಚಾಚಿರುತ್ತದೆ. ಆ ಬಾಲ ಯಾವ ಕಡೆಗಿದೆಯೋ ಅದೇ ಅಂದಿನ ಸಮುದ್ರತಳದ ದಿಕ್ಕು. ಆಮೇಲೆ ಪದರಗಳು ಮಗುಚಿಕೊಂಡಿದ್ದರೂ ಅದರಿಂದ ಪತ್ತೆಯಾಗುತ್ತದೆ. ಭಾವ ಮಂಡಿಯೂರಿ ಬಾಲಗಳನ್ನೇ ಹುಡುಕುತ್ತಿದ್ದಾಗ ಕುರಿ ಮೇಯಿಸುತ್ತಿದ್ದ ಅಜ್ಜ ಬಂದು, "ಏನ್ ಕಳ್ಕೊಂಡ್ರಪ್ಪ?" ಅಂತ ಕೇಳಿದರು. ಇಲ್ಲಿ ಸುತ್ತಿಗೆ ಆಡಿಸುವಂತಿಲ್ಲ, ಉದುರಿದ ಚೂರನ್ನೂ ನಾನು ಎತ್ತಿಲ್ಲ. ಕಪಾಟಿನ ಪಕ್ಕ ಫೋಟೊ ಹಾಕಿದ್ದೇನೆ, ಅಳತೆಗೆ ಭಾವನ ಚಪ್ಪಲಿ ಇಟ್ಟು.

ಮುಂದಿನದು ಹಿರಿಯೂರು ಕಡೆಯ ಎರೆಹೊಲದ ಸುಣ್ಣದ ಗಂಟುಗಳು. ಉಳಿದವುಗಳ ಮುಂದೆ ಇವು ನಿನ್ನೆ ಮೊನ್ನೆ ಹುಟ್ಟಿದವು. ಮಣ್ಣಿನ ನೀರು ಬಿಸಿಲಿಗೆ ಆರಿದಾಗ ಅದರಲ್ಲಿ ಕರಗಿದ ಸುಣ್ಣ ಗಂಟುಗಟ್ಟುತ್ತದೆ. ವಿನೆಗರ್ ಬಿಟ್ಟರೆ ನೊರೆ ಬರುತ್ತದೆ. ಮಳೆ ಶುರುವಾಗಿ ಎರೆ ಕಾಲಿಗೆ ಮೆತ್ತಿಕೊಳ್ಳುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಬೇಕು.