ಗುಡ್ಡ ಮರೆಯಾಗದ ಬೇಲಿ

ಮೂಡಿಗೆರೆ ತಾಲ್ಲೂಕಿನ ಒಂದು ತೋಟದ ಮನೆ. ಮುಂದೆ 60 ಅಡಿ ಅಗಲದ ಅಂಗಳ, ಎಡಗಡೆ 64 ಅಡಿ ಉದ್ದದ ಇಳಿಜಾರು, ಹಿಂದೆಲ್ಲ ಕಾಫಿ. ಮನೆಯವರ ಮನಸ್ಸಿನಲ್ಲಿದ್ದದ್ದು ಆರಡಿ ಎತ್ತರದ ಸಿಮೆಂಟ್ ಇಟ್ಟಿಗೆ ಕಾಂಪೌಂಡು. ಜಗಲಿಯಲ್ಲಿ ಕುರ್ಚಿ ಹಾಕಿ ಟೇಪು ಹಿಡಿದ ಮೇಲೆ ಆ ಮಾತು ನಿಂತಿತು. ಜಗಲಿ ನೆಲದಿಂದ ಒಂದೂವರೆ ಅಡಿ ಎತ್ತರ, ಕೂತವರ ಕಣ್ಣು ಅದರ ಮೇಲೆ ಇನ್ನು ಮೂರೂಮುಕ್ಕಾಲು ಅಡಿ. ಆರಡಿ ಗೋಡೆ ಎದ್ದರೆ ಎದುರಿನ ಗುಡ್ಡ ಪೂರ್ತಿ ಹೋಯಿತು. ನಾಲ್ಕಡಿಯ, ಆಚೆ ಕಾಣುವ ಬೇಲಿಯಾದರೆ ದನವೂ ಬರುವುದಿಲ್ಲ, ಗುಡ್ಡವೂ ಉಳಿಯುತ್ತದೆ. ಅಂಗಳದ ಬೇಲಿಯ ಎತ್ತರವನ್ನು ರಸ್ತೆಯಲ್ಲಿ ನಿಂತು ತೀರ್ಮಾನಿಸಬಾರದು, ಜಗಲಿಯಲ್ಲಿ ಕೂತು ತೀರ್ಮಾನಿಸಬೇಕು.

ಇನ್ನು ಯಾವುದರಲ್ಲಿ ಮಾಡುವುದು? ತೋಟದಲ್ಲೇ ಸಿಲ್ವರ್ ಓಕ್ ಇದೆಯಲ್ಲ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಹಲಗೆಗೆ ಅಡ್ಡಿಯಿಲ್ಲ, ಆದರೆ ಮಣ್ಣಿಗೆ ತಾಗಿದರೆ ಬೇಗ ಕೊಳೆಯುವ ಮರ ಅದು. ಮಲೆನಾಡಿನಲ್ಲಿ ಬೇಲಿ ಸಾಯುವುದು ಮೇಲಿನಿಂದಲ್ಲ. ನೆಲಮಟ್ಟದ ಮೂರು ನಾಲ್ಕು ಇಂಚಿನಲ್ಲಿ ನೀರು, ಗಾಳಿ ಎರಡೂ ಸಿಗುವುದರಿಂದ ಶಿಲೀಂಧ್ರ ಹಿಡಿಯುವುದು ಅಲ್ಲೇ, ತುಕ್ಕು ಹಿಡಿಯುವುದೂ ಅಲ್ಲೇ. ಬಿದಿರಿನ ಕತೆಯೂ ಹಾಗೆಯೇ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿದ ಬಿದಿರಿಗೆ ಹುಳ ಬೀಳುವುದು ತಪ್ಪುತ್ತದೆ ನಿಜ, ಆದರೆ ಆ ಉಪ್ಪು ಮಳೆಗೆ ತೊಳೆದುಹೋಗುತ್ತದೆ. ಸೂರಿನ ಕೆಳಗೆ ಬಿದಿರು ಬಾಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ಮಣ್ಣಿನಲ್ಲಿ ಬಾಳುವುದಿಲ್ಲ. ಕಡೂರು, ಅರಸೀಕೆರೆಯ ಒಣನೆಲದಲ್ಲಿ ಚೆನ್ನಾಗಿ ನಿಂತ ಮರದ ಬೇಲಿ ನೋಡಿ ಬಂದು ಇಲ್ಲೂ ಅದೇ ಬೇಕು ಎನ್ನುವವರಿಗೆ ಈ ವ್ಯತ್ಯಾಸ ಹೇಳಲೇಬೇಕಾಗುತ್ತದೆ.

ಹಾಗಾಗಿ ಕಂಬ ಕಲ್ಲಿನದು. ಮುಂಭಾಗಕ್ಕೆ ಆರು ಇಂಚು ಚೌಕದ, ಆರಡಿ ಉದ್ದದ ಕಲ್ಲುಕಂಬ. ಮೂರು ಸಾಲು ತೂತು, ಅದರಲ್ಲಿ ಅಡ್ಡ ಪೈಪು. ಹಳೆಯ ಮನೆಗಳ ಉಣಗೋಲು, ಅಂದರೆ ಕಂಬದ ತೂತಿಗೆ ಗಳು ತೂರಿಸುವ ಬಾಗಿಲು, ನೋಡಿದವರಿಗೆ ಈ ರೂಪ ಹೊಸದಲ್ಲ. ಗಳುವಿನ ಜಾಗದಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬಂದಿದೆ, ಅಷ್ಟೆ. ಎಡಗಡೆಗೆ ನಾಲ್ಕೂವರೆ ಇಂಚಿನ, ಏಳಡಿಯ ಕಂಬ ಸಾಕು, ಅಲ್ಲಿ ಚೈನ್ ಲಿಂಕ್ ಬಲೆ. ಮುಂಭಾಗಕ್ಕೂ ನಾಲ್ಕೂವರೆ ಇಂಚಿನದನ್ನೇ ತಂದು ಎರಡು ಇಂಚಿನ ತೂತು ಕೊರೆಸಿದರೆ ಅಕ್ಕಪಕ್ಕ ಉಳಿಯುವುದು ಒಂದೂಕಾಲು ಇಂಚು ಕಲ್ಲು. ಲಾರಿಯಿಂದ ಇಳಿಸುವಾಗಲೇ ಮುರಿಯುತ್ತದೆ.

ಕೆಲಸಕ್ಕೆ ಕೈಹಚ್ಚಿದ್ದು ದೀಪಾವಳಿ ಕಳೆದ ಕೂಡಲೇ. ಮಣ್ಣಿನಲ್ಲಿ ಹಸಿ ಇರುತ್ತದೆ, ಹಾರೆ ಇಳಿಯುತ್ತದೆ. ಅರೇಬಿಕಾ ಕೊಯ್ಲು ಬಿರುಸಾದ ಮೇಲೆ ಆಳು ಸಿಗುವುದಿಲ್ಲ, ಮಾರ್ಚ್‌ಗೆ ಮಣ್ಣು ಕಲ್ಲಾಗಿರುತ್ತದೆ. ಗಡಿ ಗುರುತಿನ ಬಾಂದು ಕಲ್ಲು ಎಲ್ಲಿದೆ ಎಂದು ಹುಡುಕದೆ ದಾರ ಹಿಡಿಯಬೇಡಿ. ಕಲ್ಲು ಸಿಗದಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಅಳೆದು ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿ ಕಾಯುವುದೇ ವಾಸಿ. ಪಕ್ಕದ ತೋಟದವರ ಜತೆ ಅರ್ಧ ಅಡಿಗೆ ಜಗಳವಾದರೆ ಬೇಲಿಯ ಚೆಂದ ಯಾರಿಗೂ ಕಾಣುವುದಿಲ್ಲ.

ಮುಂಭಾಗದ 60 ಅಡಿಯಲ್ಲಿ 4 ಅಡಿ ಗೇಟಿಗೆ ಹೋಯಿತು. ಉಳಿದ 56 ಅಡಿಗೆ ಎಂಟೆಂಟು ಅಡಿಯ ಏಳು ಅಂಕಣ, ಗೇಟಿನ ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಗೇಟು ನಟ್ಟನಡುವೆ ಇಲ್ಲ, ಜನ ನಡೆದು ನಡೆದು ಸವೆದ ದಾರಿ ಎಲ್ಲಿದೆಯೋ ಅಲ್ಲಿದೆ. ಕಂಬ ಒಂಬತ್ತು, ಇಳಿಜಾರಿನ ಕಡೆಗೆ ಇನ್ನೆಂಟು. ಮುಂಭಾಗದ ಗುಂಡಿ 15 ಇಂಚು ಚೌಕ, ಪಕ್ಕದ್ದು ಒಂದಡಿ ಚೌಕ, ಎಲ್ಲ ಎರಡಡಿ ಆಳ. ಗೇಟಿನ ಎರಡು ಕಂಬಕ್ಕೆ ಮಾತ್ರ ಏಳಡಿಯ ಕಲ್ಲು ತಂದು ಮೂರಡಿ ಇಳಿಸಬೇಕು, ಏಕೆಂದರೆ ದಿನಾ ತೂಗುವ ಭಾರ ಅದರದು. ತಳದಲ್ಲಿ ಅರ್ಧ ಅಡಿ ಒಂದೂವರೆ ಇಂಚಿನ ಜೆಲ್ಲಿ ತುಂಬಿ ದಮ್ಮಸು ಹೊಡೆದರೆ ನೀರು ಬುಡದಲ್ಲಿ ನಿಲ್ಲುವುದಿಲ್ಲ. ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಮುಕ್ಕಾಲಿಂಚಿನ ಜೆಲ್ಲಿಯ ಕಾಂಕ್ರೀಟ್. ಹದಿನೇಳು ಗುಂಡಿಗೆ ಆರು ಮೂಟೆ ಸಿಮೆಂಟ್, 15 ಘನ ಅಡಿ ಮರಳು, 30 ಘನ ಅಡಿ ಜೆಲ್ಲಿ, ತಳಕ್ಕೆಂದು ಇನ್ನೊಂದು 11 ಘನ ಅಡಿ. ಈ ಲೆಕ್ಕ ಹೇಳದೆ ಮೇಸ್ತ್ರಿಗೆ ಬಿಟ್ಟರೆ ಗುಂಡಿಯಿಂದ ತೆಗೆದ ಮಣ್ಣೇ ಅರ್ಧ ವಾಪಸು ಹೋಗುತ್ತದೆ.

ಇಡೀ ದಿನದ ಕಸರತ್ತು ಇದ್ದದ್ದು ಕಂಬ ನಿಲ್ಲಿಸುವುದರಲ್ಲಿ. ಆರಿಂಚಿನ ಕಂಬವೊಂದು ಸುಮಾರು 110 ಕೆಜಿ, ಮೂವರು ಬೇಕು. ಕಲ್ಲುಕಂಬಗಳ ಉದ್ದ ಒಂದೇ ಸಮ ಇರುವುದಿಲ್ಲ, ಒಂದಿಂಚು ಎರಡಿಂಚು ಹೆಚ್ಚುಕಮ್ಮಿ. ತುದಿಗೆ ದಾರ ಕಟ್ಟಿ ಸಮ ಮಾಡಿದರೆ ಕಣ್ಣಿಗೆ ಸರಿ, ಆದರೆ ತೂತುಗಳು ಏರುಪೇರಾಗಿ ಪೈಪು ಹೋಗುವುದಿಲ್ಲ. ದಾರ ಕಟ್ಟಬೇಕಾದ್ದು ಮೇಲಿನ ತೂತಿನ ಮಟ್ಟಕ್ಕೆ. ತುದಿ ಹೆಚ್ಚುಕಮ್ಮಿಯಾದರೆ ಆಗಲಿ, ಕಲ್ಲಿಗೆ ಅದು ಒಪ್ಪುತ್ತದೆ. ಇನ್ನೊಂದು ಎಡವಟ್ಟು, ಎಲ್ಲ ಕಂಬಕ್ಕೂ ಕಾಂಕ್ರೀಟ್ ಹಾಕಿದ ಮೇಲೆ 20 ಅಡಿ ಪೈಪನ್ನು ಯಾವ ಕಡೆಯಿಂದ ತೂರಿಸುವುದು ಎಂದು ಯೋಚಿಸುವುದು. ಕಂಬ ಸಡಿಲ ಇರುವಾಗಲೇ ಪೈಪು ಪೋಣಿಸಿ, ರಸಮಟ್ಟ ಇಟ್ಟು, ತೂಕದ ಗುಂಡು ಬಿಟ್ಟು, ಆಮೇಲೆ ಕಾಂಕ್ರೀಟ್. ಒಂದೂಕಾಲಿಂಚಿನ ಪೈಪಿನ ಹೊರವ್ಯಾಸ 42 ಮಿಲಿಮೀಟರ್, ಎರಡಿಂಚಿನ ತೂತಿನಲ್ಲಿ ಸರಾಗ ಜಾರುತ್ತದೆ. ಆದರೆ ಸಾಕೆಟ್ ಅದರಲ್ಲಿ ತೂರುವುದಿಲ್ಲ, ಆದ್ದರಿಂದ ಜೋಡಣೆ ಎರಡು ಕಂಬಗಳ ನಡುವೆಯೇ ಬೀಳುವಂತೆ ಮೊದಲೇ ಅಳೆದು ಕತ್ತರಿಸಬೇಕು. ಕತ್ತರಿಸಿದ ತುದಿಗೆ ಝಿಂಕ್ ಪೇಂಟ್, ಬಾಯಿಗೆ ಮುಚ್ಚಳ. ಮುಚ್ಚಳವಿಲ್ಲದ ಪೈಪಿನಲ್ಲಿ ಕಣಜ ಗೂಡು ಕಟ್ಟುತ್ತದೆ.

ಕಾಂಕ್ರೀಟಿನ ನೆತ್ತಿ ನೆಲಕ್ಕಿಂತ ಒಂದಿಂಚು ಮೇಲಿರಲಿ, ನಾಲ್ಕೂ ಕಡೆ ಇಳಿಜಾರಿರಲಿ. ಒಂದು ವಾರ ನೀರು ಹಾಕಿ. ಆ ವಾರ ಬಲೆ ಎಳೆಯುವ ಹಾಗಿಲ್ಲ.

ಎಡಗಡೆಯ ಬಲೆ 12 ಗೇಜಿನದು, ಎರಡಿಂಚು ಕಣ್ಣು. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಣ್ಣ: 10 ಎಂದರೆ 3.25 ಮಿಲಿಮೀಟರ್, 12 ಎಂದರೆ 2.64, 14 ಎಂದರೆ ಎರಡೇ ಮಿಲಿಮೀಟರ್. ಅಗ್ಗಕ್ಕೆ ಸಿಕ್ಕಿತೆಂದು ತರುವ ಬಲೆ ಸಾಮಾನ್ಯವಾಗಿ 14ರದು, ಎಮ್ಮೆ ಮೈ ಉಜ್ಜಿದರೆ ಹೊಟ್ಟೆ ಬಿಡುತ್ತದೆ. ಬಲೆಗಿಂತ ಮೊದಲು 10 ಗೇಜಿನ ಮೂರು ಎಳೆ ತಂತಿಯನ್ನು ಬಿಗಿಯಬೇಕು, ಬಲೆ ನೇತುಬೀಳುವುದು ಅದರ ಮೇಲೆ. ಎರಡೂ ಕೊನೆಯ ಕಂಬಕ್ಕೆ ಓರೆಯಾಗಿ ಆಸರೆ ಕಲ್ಲು ಕೊಡದಿದ್ದರೆ ಬಿಗಿ ಹೆಚ್ಚಾದಂತೆ ಕಂಬವೇ ಒಳಕ್ಕೆ ವಾಲುತ್ತದೆ. ಅಂಗಳದ ನೀರು ಹೊರಗೆ ಹರಿಯುವ ತಗ್ಗಿನಲ್ಲಿ ಬಲೆಯನ್ನು ನೆಲಕ್ಕೆ ಅಂಟಿಸದೆ ಅರ್ಧ ಅಡಿ ಕಂಡಿ ಬಿಟ್ಟು, ಎರಡಿಂಚಿಗೊಂದರಂತೆ ಸರಳು ನೆಡಬೇಕು. ಜುಲೈನಲ್ಲಿ ಎಲೆ ಕಸ ಸಿಕ್ಕಿಕೊಂಡು ಕಟ್ಟೆಯಾಗುವುದು ಇಂಥಲ್ಲೇ.

ಆನೆಯ ಮಾತು ಬಂದೇ ಬರುತ್ತದೆ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಅಂಗಳದ ಬೇಲಿ ಆನೆಗೆ ಲೆಕ್ಕಕ್ಕೇ ಇಲ್ಲ, ಅದಕ್ಕೆಂದು ದುಡ್ಡು ಸುರಿಯುವುದು ದಂಡ. ತಂತಿಗೆ ಮನೆಯ ಕರೆಂಟು ಕೊಡುವುದಂತೂ ಅಪರಾಧ, ಮೊದಲು ಸಾಯುವುದು ನಾಯಿ, ದನ ಅಥವಾ ಮನೆಯ ಮಗು.

ಗೇಟು ಒಂದೂವರೆ ಇಂಚು ಚೌಕದ ಜಿಐ ಪೈಪಿನದು. ಒಳಗಿನ ಓರೆಪಟ್ಟಿ ಕೀಲಿನ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಏರಬೇಕು, ಆಗ ಭಾರ ಕಂಬದ ಬುಡಕ್ಕೆ ಇಳಿಯುತ್ತದೆ. ಕೀಲನ್ನು ಕಲ್ಲಿನ ಅಂಚಿನಲ್ಲಿ ಕೊರೆದು ಕೂರಿಸಿದರೆ ಚಕ್ಕೆ ಏಳುತ್ತದೆ, ಕಂಬ ಸುತ್ತುವ ಪಟ್ಟಿ ಕ್ಲಾಂಪ್ ಒಳ್ಳೆಯದು. ಕೆಳಗೆ ಎರಡಿಂಚು ಸಂದು.

"ಪೈಪಿಗೆಲ್ಲ ಬಿಳಿ ಹೊಡೆಸಿಬಿಡೋಣ್ವ?" ಎಂದರು ಮನೆಯ ಹಿರಿಯಮ್ಮ.

"ಬೇಡಿ ಅಮ್ಮ, ಆಗಸ್ಟಿಗೆ ಪಾಚಿ ಹತ್ತುತ್ತೆ, ಕೆಳಗಿನ ಸಾಲಿಗೆ ಕೆಮ್ಮಣ್ಣು ಹಾರುತ್ತೆ" ಎಂದರು ಮೇಸ್ತ್ರಿ.

ಮೇಸ್ತ್ರಿ ಹೇಳಿದ್ದೇ ಸರಿ. ಕಡು ಹಸಿರು ಅಥವಾ ಕಪ್ಪು ಹೊಡೆದ ಪೈಪು, ಬಲೆ ಗಿಡಗಳ ಹಿಂದೆ ಕರಗಿಹೋಗುತ್ತದೆ, ಬಿಳಿ ಮುಂದೆ ಬಂದು ನಿಲ್ಲುತ್ತದೆ. ಹೊಸ ಜಿಐ ಮೇಲೆ ನೇರ ಬಣ್ಣ ಹೊಡೆದರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಎಣ್ಣೆ ಜಿಡ್ಡು ಒರೆಸಿ, ಬಣ್ಣ ಕಚ್ಚಿ ಹಿಡಿಯಲೆಂದು ಎಚ್ (etch) ಪ್ರೈಮರ್ ಕೊಟ್ಟ ಮೇಲೆಯೇ ಬಣ್ಣ. ಕಲ್ಲಿಗೆ ಏನೂ ಬೇಡ, ಅದರ ಮೇಲೆ ಕಲ್ಲುಹೂವು ತಾನಾಗಿ ಬರಲಿ. ಬೇಲಿಯ ಬುಡದುದ್ದಕ್ಕೂ ಒಂದಡಿ ಅಗಲ ಜೆಲ್ಲಿ ಹಾಸಿದರೆ ಮಣ್ಣು ಸಿಡಿಯುವುದು ನಿಲ್ಲುತ್ತದೆ, ಹುಲ್ಲು ಸವರಲು ಕತ್ತಿ ಆಡಿಸುವಾಗ ಪೈಪಿಗೂ ತಾಗುವುದಿಲ್ಲ. ಪ್ಲಾಸ್ಟಿಕ್ ಎಲೆಯ ಚಾಪೆ ಕಟ್ಟುವ ಚಟ ಈಚೆಗೆ ಶುರುವಾಗಿದೆ. ಬಿಸಿಲಿಗೆ ನೀಲಿಗಟ್ಟುತ್ತದೆ, ಗಾಳಿಗೆ ಹಾಯಿಯಂತೆ ಉಬ್ಬಿ ಬೇಲಿಯನ್ನೇ ಎಳೆಯುತ್ತದೆ.

ಬಳ್ಳಿಯಲ್ಲೂ ಅದೇ ಎಚ್ಚರ. ಥನ್‌ಬರ್ಜಿಯಾ ನೋಡಲು ಚೆಂದ, ಮಳೆಯಲ್ಲಿ ನೆನೆದಾಗ ಅದರ ಭಾರ ಈ ಬಲೆಗೆ ಹೆಚ್ಚು. ಶಂಖಪುಷ್ಪ, ಬಸಳೆ, ಕಾಡಾಗದಂತೆ ಸವರುವುದಾದರೆ ಮಲ್ಲಿಗೆ ಸಾಕು. ಮೆಣಸಿನ ಬಳ್ಳಿಯನ್ನು ತಂತಿಗೆ ಹಬ್ಬಿಸುವ ಆಸೆ ಬೇಡ, ಅದರ ಬೇರು ಕಚ್ಚಿ ಹಿಡಿಯಲು ಒರಟು ತೊಗಟೆ ಬೇಕು. ಮುಂಭಾಗದ ಪೈಪಿಗೆ ಏನನ್ನೂ ಹಬ್ಬಿಸಿಲ್ಲ, ಒಳಗೆ ಒಂದೂವರೆ ಅಡಿ ಬಿಟ್ಟು ಹೈಡ್ರೇಂಜಿಯಾ ಸಾಲಿದೆ. ಇಲ್ಲಿನ ಹುಳಿ ಮಣ್ಣಿನಲ್ಲಿ ಹೂ ನೀಲಿ ಬರುತ್ತದೆ. ಕಂಬದ ಬುಡಕ್ಕೆ ಒತ್ತಿ ನೆಟ್ಟರೆ ಕಾಂಕ್ರೀಟಿನ ಸುಣ್ಣ ಮಣ್ಣಿಗಿಳಿದು ಹೂ ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ಎಂಟಡಿಗೊಂದು ಗುಲಾಬಿ ಬಣ್ಣದ ಗಿಡ, ನಡುವೆಲ್ಲ ನೀಲಿ. ಕೆಲವರಿಗೆ ಅದೂ ಇಷ್ಟವಾಗಬಹುದು.

ಹಿಂದಿನ ಗಡಿಗೆ ಕಲ್ಲೂ ಇಲ್ಲ, ಬಲೆಯೂ ಇಲ್ಲ. ಅಲ್ಲಿಗೆ ಮೇ ಕೊನೆಯ ಮಳೆ ಬಿದ್ದ ಮೇಲೆ ಗೊಬ್ಬರದ ಗಿಡದ ಗೂಟ, ಅಂದರೆ ಗ್ಲಿರಿಸಿಡಿಯಾ. ಹಾಲುವಾಣವೂ ಆಗುತ್ತಿತ್ತು, ಆದರೆ 2000ದ ದಶಕದ ಮಧ್ಯದಿಂದ ಎಲೆಗಂಟು ಮಾಡುವ ಕಣಜದ ಕಾಟ ಅದಕ್ಕೆ ಅಂಟಿಕೊಂಡಿದೆ. ಮಣಿಕಟ್ಟಿನ ದಪ್ಪದ, ಐದಡಿಯ ಬಲಿತ ಗೂಟ. ಬುಡ ಓರೆ, ತುದಿಯೂ ಓರೆ, ನೀರು ನಿಲ್ಲಬಾರದು. ಸುತ್ತಿಗೆಯಿಂದ ಹೊಡೆದು ಇಳಿಸಿದರೆ ತೊಗಟೆ ಸುಲಿದು ಗೂಟ ಒಣಗುತ್ತದೆ, ಹಾರೆಯಿಂದ ಒಂದಡಿ ತೂತು ಮಾಡಿ ಇಟ್ಟು ಸುತ್ತ ಮಣ್ಣು ತುಳಿಯಬೇಕು. ಒಂದೂವರೆ ಅಡಿಗೊಂದು. ಚಿಗುರು ಗಟ್ಟಿಯಾಗುವವರೆಗೆ ಅದಕ್ಕೆ ತಂತಿ ಬಿಗಿಯಬಾರದು. ಆಮೇಲೆ ಮಳೆಗಾಲಕ್ಕೆ ಎರಡು ಸಲ ಎದೆಮಟ್ಟಕ್ಕೆ ಸವರಿ, ಸೊಪ್ಪನ್ನು ಕಾಫಿ ಬುಡಕ್ಕೆ ಹಾಕಬಹುದು.