ಅಪ್ಪನ ಮಳೆ ಲೆಕ್ಕ: ಟೇಬಲ್‌ಗಳು ಪಟ್ಟಿಯಲ್ಲಿ ಕಾಣದ ಸಂಜೆ

ಶಿರಸಿಯ ತೋಟದಲ್ಲಿ ಅಪ್ಪ 12 ವರ್ಷ ಬರೆದಿಟ್ಟ ಮಳೆ ಲೆಕ್ಕ ಈಗ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವರ್ಷಕ್ಕೆ 122 ದಿನ, ಒಟ್ಟು 1464 ಸಾಲು. ಪುಷ್ಯ, ಆಶ್ಲೇಷ ಮಳೆಯಲ್ಲಿ ಎಷ್ಟು ದಿನ ಹೊಳವಾಗಿತ್ತು, ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಬಿಡುವು ಸಿಕ್ಕಿತ್ತಾ ಅಂತ ನೋಡಬೇಕು.

ಹಳೆ ಲ್ಯಾಪ್‌ಟಾಪಿನ ಡಿಸ್ಕ್ ಹೋಗುವ ಹಂತದಲ್ಲಿತ್ತು. ಪಿಜಿ-ಡಂಪ್‌ನಿಂದ ಇಡೀ ಡೇಟಾಬೇಸನ್ನು ಒಂದು ಫೈಲಿಗೆ (ಅದೇ ಡಂಪ್) ಇಳಿಸಿ ಹೊಸದಕ್ಕೆ ತಂದೆ. ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯೂಎಲ್ ಒಳಗಿಂದಲೇ, ಫೈಲ್ ಓಡಿಸುವ ಆಜ್ಞೆ ಬ್ಯಾಕ್‌ಸ್ಲ್ಯಾಶ್ ಐ ಕೊಟ್ಟು ಅದನ್ನು ಓಡಿಸಿದೆ. ಒಂದೂ ಎರರ್ ಬರಲಿಲ್ಲ. ಟೇಬಲ್‌ಗಳ ಪಟ್ಟಿ ತೋರಿಸುವ ಬ್ಯಾಕ್‌ಸ್ಲ್ಯಾಶ್ ಡಿಟಿ ಒತ್ತಿದರೆ ಪಟ್ಟಿ ಖಾಲಿ! ಎದೆ ಧಸಕ್ಕೆಂದಿತು. ಅಪ್ಪನ ಎರಡು ಪುಸ್ತಕಕ್ಕೆ ಆಗಲೇ ಗೆದ್ದಲು ಹಿಡಿದಿದೆ, ಮತ್ತೆ ನೋಡಿ ಬರೆಯುವಂತಿಲ್ಲ.

ಬೇರೆ ಡೇಟಾಬೇಸಿಗೆ ಹೋಗಿದ್ದೇನಾ ಅಂತ ನೋಡಿದೆ, ಇಲ್ಲ. ಟೇಬಲ್‌ಗೆ ‘ಮಳೆ’, ‘ಔಷಧಿ’ ಅಂತ ಕನ್ನಡದಲ್ಲೇ ಹೆಸರಿಟ್ಟಿದ್ದೆ. ಅದೇ ಕಾರಣವಿರಬಹುದು ಅನ್ನಿಸಿ, ಪರೀಕ್ಷೆಗೆ ಇಂಗ್ಲಿಷ್ ಹೆಸರಿನ ಟೇಬಲ್ ಮಾಡಹೋದೆ. ಆಗ ಸುಳಿವು ಸಿಕ್ಕಿತು: ಟೇಬಲ್ ಮಾಡಲು ಯಾವ ಸ್ಕೀಮಾವೂ (ಡೇಟಾಬೇಸಿನೊಳಗೆ ಟೇಬಲ್‌ಗಳನ್ನು ಇಡುವ ವಿಭಾಗ) ಆಯ್ಕೆಯಾಗಿಲ್ಲ ಅಂತ ಎರರ್. ಯಾವ ಸ್ಕೀಮಾಗಳಲ್ಲಿ ಹುಡುಕಬೇಕು ಅನ್ನುವ ಪಟ್ಟಿಯೇ ಸರ್ಚ್ ಪಾತ್; ಅದನ್ನು ನೋಡಲು ಶೋ ಸರ್ಚ್-ಪಾತ್ ಕೊಟ್ಟೆ. ಉತ್ತರ ಖಾಲಿ.

ಡಿಟಿ ಎಲ್ಲ ಟೇಬಲ್‌ಗಳನ್ನೂ ತೋರಿಸುವುದಿಲ್ಲ. ಸರ್ಚ್ ಪಾತ್‌ನಲ್ಲಿರುವ ಸ್ಕೀಮಾಗಳಲ್ಲಿ ಮಾತ್ರ ಹುಡುಕುತ್ತದೆ. ಪಾತ್ ಖಾಲಿ ಮಾಡಿದ್ದು ಯಾರು? ಡಂಪ್ ಫೈಲ್ ತೆರೆದು ನೋಡಿದರೆ ಮೇಲೆಯೇ ಇದೆ: ಸೆಟ್-ಕಾನ್ಫಿಗ್ ಬಳಸಿ ಸರ್ಚ್ ಪಾತ್ ಬರಿದು ಮಾಡುವ ಸಾಲು. ಎಲ್ಲರೂ ಬಳಸುವ ‘ಪಬ್ಲಿಕ್’ ಸ್ಕೀಮಾದಲ್ಲಿ ಯಾರಾದರೂ ಡೇಟಾಬೇಸಿನದೇ ಫಂಕ್ಷನ್‌ನ ಹೆಸರಿನಲ್ಲಿ ತಮ್ಮದೊಂದನ್ನು ಇಟ್ಟು ಮೋಸ ಮಾಡಬಹುದಿತ್ತು. ಅದನ್ನು ತಡೆಯಲು 2018ರ ಭದ್ರತಾ ತಿದ್ದುಪಡಿಯಿಂದ ಡಂಪ್ ಹೀಗೆ ಬರೆಯುತ್ತದೆ, ಟೇಬಲ್ ಹೆಸರಿನ ಮುಂದೆ ಸ್ಕೀಮಾವನ್ನೂ ಸೇರಿಸುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಆ ಸಾಲಿನ ಪರಿಣಾಮ ಫೈಲ್ ಮುಗಿದ ಮೇಲೂ, ಪಿಎಸ್‌ಕ್ಯೂಎಲ್‌ನಿಂದ ಹೊರಬರುವವರೆಗೆ, ಅದೇ ಸೆಷನ್‌ನಲ್ಲಿ ಉಳಿಯುತ್ತದೆ. ನಾನು ಹೊರಗೆ ಬಂದಿರಲೇ ಇಲ್ಲ, ಅಲ್ವಾ?

‘ಪಬ್ಲಿಕ್’, ಚುಕ್ಕಿ, ‘ಮಳೆ’ ಅಂತ ಪೂರ್ತಿ ಹೆಸರು ಕೊಟ್ಟು ಎಣಿಸಿದೆ. 1464! ಪಾತನ್ನು ಮೊದಲಿನಂತೆ ಮಾಡುವ ರೀಸೆಟ್ ಸರ್ಚ್-ಪಾತ್ ಕೊಟ್ಟು ಮತ್ತೆ ಡಿಟಿ ಒತ್ತಿದ ಕೂಡಲೇ ಪಟ್ಟಿಯೂ ಬಂತು. ಸುಮ್ನೆ ಬ್ಯಾಕ್‌ಸ್ಲ್ಯಾಶ್ ಕ್ಯೂ ಒತ್ತಿ ಹೊರಬಂದು ಮತ್ತೆ ಒಳಗೆ ಹೋಗಿದ್ದರೂ ಸಾಕಿತ್ತು. ಇನ್ನು ಮೇಲೆ ಡಂಪನ್ನು ಹೊರಗಿನಿಂದಲೇ, ಪಿಎಸ್‌ಕ್ಯೂಎಲ್ ಆಜ್ಞೆಗೆ ಹೈಫನ್ ಎಫ್ ಮತ್ತು ಫೈಲಿನ ಹೆಸರು ಹಾಕಿ ಓಡಿಸುತ್ತೇನೆ.

ಕನ್ನಡದ ಹೆಸರುಗಳನ್ನು ಬದಲಿಸುವುದಿಲ್ಲ. ನಾಳೆ ಔಷಧಿ ಹೊಡೆದ ತಾರೀಕುಗಳನ್ನು ಮಳೆಯ ಜೊತೆ ಜೋಡಿಸಬೇಕು. ಅಪ್ಪ ಪಕ್ಕದಲ್ಲೇ ಕೂರುತ್ತೇನೆ ಅಂದಿದ್ದಾರೆ.