ಚಕ್ರವರ್ತಿಯ ತಂಗಿ, ವಾರ್ಡಿನ ಸಿಸ್ಟರ್

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಜಲವರ್ಣ ಬಿಡಿಸಲು ಕೂರುವುದೆಂದರೆ ಬರೀ ಹಟ. ಕುಂಚ ಕಾಗದದ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಅದಕ್ಕೇ ರಾತ್ರಿ ಪಾಳಿ ಮುಗಿಸಿ ಬಂದವಳೇ, ಬಿಸಿಲು ಏರುವ ಮೊದಲು, ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿ ಅಡುಗೆಮನೆಯ ಕಟ್ಟೆಯ ಮೇಲೆ ಹಾಸಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ಸರ್ಜಿಕಲ್ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡಿದ ಕೈ ಇದು. ಕುಂಚವನ್ನೂ ಫೋರ್‌ಸೆಪ್ಸ್ ಹಿಡಿದ ಹಾಗೆ ಹಿಡಿಯುತ್ತೀ ಎಂದು ಮಗಳು ನಗುತ್ತಾಳೆ.

ಓಲ್ಗಾ ಅಲೆಕ್ಸಾಂಡ್ರೊವ್ನಾ ಅವರ ಫೋಟೊ ಮೊದಲು ತೋರಿಸಿದವಳೂ ಅವಳೇ. ರಷ್ಯಾದ ಕೊನೆಯ ಚಕ್ರವರ್ತಿ ಎರಡನೆಯ ನಿಕೊಲಾಯ್‌ನ ಕಿರಿಯ ತಂಗಿ, 1882ರಲ್ಲಿ ಹುಟ್ಟಿದವರು. ನರ್ಸ್ ಉಡುಪು ತೊಟ್ಟ ರಾಜಮನೆತನದವರನ್ನು ಕಂಡರೆ ನನಗೆ ನಂಬಿಕೆ ಕಡಿಮೆ. ನಮ್ಮ ವಾರ್ಡಿಗೂ ಹಣ್ಣು ಹಂಚಲು ಬರುವವರಿದ್ದಾರೆ. ಒಂದು ಬಾಳೆಹಣ್ಣಿಗೆ ಐದು ಕೈ, ಮೂರು ಕ್ಯಾಮೆರಾ.

ಇವರು ಹಾಗಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಇಂದಿನ ಉಕ್ರೇನ್‌ನಲ್ಲಿರುವ ರೊವ್ನೊ ಊರಿನ ರೆಡ್‌ಕ್ರಾಸ್ ಆಸ್ಪತ್ರೆಗೆ ಹೋದರು. ಆಸ್ಟ್ರಿಯಾದ ಗಡಿ ಅಲ್ಲಿಂದ ದೂರವಿರಲಿಲ್ಲ. ದಿನಕ್ಕೆ ಹದಿನೈದು ಗಂಟೆಯವರೆಗೂ ಕೆಲಸ. ಹದಿನೈದು ಗಂಟೆ ನಿಂತರೆ ಮೊದಲು ಸೋಲುವುದು ಬೆನ್ನಲ್ಲ, ಹಿಮ್ಮಡಿ. ಅದು ನನಗೆ ಗೊತ್ತು. ಮುಂದೆ ಕೀವ್‌ನಲ್ಲಿ ತಮ್ಮ ಖರ್ಚಿನಲ್ಲೇ ಆಸ್ಪತ್ರೆ ನಡೆಸಿದರು. ರಷ್ಯನ್ನರೂ ನರ್ಸ್‌ಗೆ ‘ಸೆಸ್ತ್ರಾ’, ಅಂದರೆ ಅಕ್ಕತಂಗಿ, ಎಂದೇ ಕರೆಯುತ್ತಾರಂತೆ. ಚಕ್ರವರ್ತಿಯ ತಂಗಿ ಸಿಪಾಯಿಗಳಿಗೂ ಸಿಸ್ಟರ್ ಆದರು.

ಕ್ರಾಂತಿಯಲ್ಲಿ, ಉಳಿದಿದ್ದ ಇಬ್ಬರು ಅಣ್ಣಂದಿರೂ ಕೊಲೆಯಾದರು. ಗಂಡ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಓಲ್ಗಾ 1920ರಲ್ಲಿ ಡೆನ್ಮಾರ್ಕ್ ಸೇರಿದರು. 1948ರಲ್ಲಿ ಕೆನಡಾಕ್ಕೆ ಹೋದರು. ಕಡೆಯ ದಿನಗಳನ್ನು ಕಳೆದದ್ದು ಟೊರಾಂಟೊದಲ್ಲಿ, ಅಂಗಡಿಯೊಂದರ ಮೇಲಿನ ಮನೆಯಲ್ಲಿ. 1960ರ ನವೆಂಬರ್‌ನಲ್ಲಿ ತೀರಿಕೊಂಡದ್ದೂ ಅಲ್ಲೇ. ಈ ಎಲ್ಲ ಅಲೆದಾಟದ ನಡುವೆ ಬಿಡಿಸಿದ ಚಿತ್ರಗಳು ಎರಡು ಸಾವಿರಕ್ಕೂ ಹೆಚ್ಚು. ಬಾಲ್ಯದಲ್ಲಿ ಲೆಕ್ಕದ ಪಾಠಕ್ಕೂ ಪೆನ್ಸಿಲ್ ಹಿಡಿದೇ ಕೂರಲು ಬಿಡುತ್ತಿದ್ದರಂತೆ. ಕೈ ಗೀಚುತ್ತಿದ್ದರೆ ಕಿವಿ ಚೆನ್ನಾಗಿ ಕೇಳುತ್ತಿತ್ತಂತೆ.

ನಾನು ಕಂಡ ಅವರ ಚಿತ್ರಗಳಲ್ಲಿ ರಕ್ತವಿಲ್ಲ. ಸಮೊವಾರ್ (ರಷ್ಯನ್ನರು ಚಹಾಕ್ಕೆ ನೀರು ಕಾಯಿಸುವ ಪಾತ್ರೆ) ಇಟ್ಟ ಚಹಾದ ಮೇಜು, ಹೂದಾನಿ, ಹಿಮ ಬಿದ್ದ ಅಂಗಳ. ಅಷ್ಟು ಗಾಯ ಕಂಡವರು ಇದನ್ನೇ ಏಕೆ ಬಿಡಿಸಿದರು ಎಂದು ಮಗಳು ಕೇಳಿದಳು. ನಾನು ಉತ್ತರಿಸಲಿಲ್ಲ. ನನ್ನ ವಹಿಯಲ್ಲೂ ಒಂದೇ ಒಂದು ಗಾಯದ ಚಿತ್ರವಿಲ್ಲ.

ಇಂದು ಬೆಳಿಗ್ಗೆ ಸಮೊವಾರ್ ಬದಲು ನಮ್ಮ ಅಲ್ಯೂಮಿನಿಯಂ ಕೆಟಲ್ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಮನೆಯ ಆಯಿ ಇಣುಕಿದರು. “ಕಲಾವಿದ ಎಸ್.ಎಂ. ಪಂಡಿತರು ಹುಟ್ಟಿದ ಊರಿನಲ್ಲಿದ್ದೀಯ ಅವ್ವಾ, ದೇವರ ಚಿತ್ರ ಬಿಡಿಸುವುದು ಬಿಟ್ಟು ಚಹಾದ ಕೆಟಲ್ಲೇ?”

ಅವರಿಗೂ ಒಂದು ಕಪ್ ಚಹಾ ಬಗ್ಗಿಸಿ ಕೊಟ್ಟು ಬರುವಷ್ಟರಲ್ಲಿ ಕೆಟಲ್‌ನ ನೆರಳು ಒಣಗಿ ಅಂಚು ಕಟ್ಟಿತ್ತು.